ಬೆಳಕಿನ ವೇಗ ಅಳೆಯಲು ನೆರವಾದ ತಿದಿ

ಹಾರ್ಮೋನಿಯಮ್ ನುಡಿಸುವವರ ಎಡಗೈಯನ್ನು ಒಮ್ಮೆ ಗಮನಿಸಿ. ತಿದಿಯನ್ನು ಒತ್ತಿದ ಕೈ ಹಿಂದಕ್ಕೆ ಬರುವಾಗಲೂ ಸ್ವರ ಕಡಿಯುವುದಿಲ್ಲ. ಪೆಟ್ಟಿಗೆಯೊಳಗೆ ನಮಗೆ ಕಾಣದ ಇನ್ನೊಂದು ತಿದಿಯಿದೆ. ಹೊರಗಿನದು ಗಾಳಿ ತುಂಬುತ್ತದೆ, ಒಳಗಿನದು ಸ್ಪ್ರಿಂಗಿನ ಬಲದಿಂದ ಅದನ್ನು ಸ್ವರಗಳಿಗೆ ಹಂಚುತ್ತದೆ. ಪಂಪು ನಿಂತರೂ ಮಾಳಿಗೆಯ ಮೇಲಿನ ತೊಟ್ಟಿಯಿಂದ ನಲ್ಲಿಗೆ ನೀರು ಬರುವಂತೆ.

ಚರ್ಚುಗಳಲ್ಲಿರುವ ಪೈಪ್ ಆರ್ಗನ್ ಕೂಡ ತಿದಿಯ ಗಾಳಿಯಿಂದಲೇ ನುಡಿಯುವ ವಾದ್ಯ; ಕೀಲಿ ಒತ್ತಿದರೆ ಅದರ ಕೊಳವೆಗಳು ಕೊಳಲಿನಂತೆ ದನಿಗೊಡುತ್ತವೆ. ಅದನ್ನು ಕಟ್ಟುವವರೆಂದರೆ ಸಾಲಾಗಿ ಕೊಳವೆ ಜೋಡಿಸುವವರು ಎಂದು ತಿಳಿದವರೇ ಹೆಚ್ಚು. ಕೊಳವೆ ಮಾಡುವುದು ಕಷ್ಟದ ಕೆಲಸವೇ, ಆದರೆ ಆ ಕಸುಬಿನ ಜೀವ ಇರುವುದು ಗಾಳಿಯನ್ನು ಪಳಗಿಸುವುದರಲ್ಲಿ. ಕೊಳಲು ನುಡಿಸುವವರ ಉಸಿರು ಕೊಂಚ ಏರಿಳಿದರೆ ಕಿವಿ ಅದನ್ನು ಹಿಡಿಯುತ್ತದೆ, ತುಟಿ ತಿದ್ದುತ್ತದೆ. ಆರ್ಗನ್ನಿನ ಕೊಳವೆಗೆ ಕಿವಿಯೂ ಇಲ್ಲ, ತುಟಿ ತಿದ್ದುವ ಶಕ್ತಿಯೂ ಇಲ್ಲ. ಒತ್ತಡ ಕುಸಿದರೆ ಶ್ರುತಿಯೂ ಕುಸಿಯುತ್ತದೆ. ನೂರಾರು ಕೊಳವೆಗಳು ಒಮ್ಮೆಗೇ ಗಾಳಿ ಕೇಳಿದಾಗಲೂ ಒಂದೇ ಒಂದು ಕೊಳವೆ ಕೇಳಿದಾಗಲೂ ಒತ್ತಡ ಒಂದೇ ಆಗಿರಬೇಕು.

ಸ್ಪ್ರಿಂಗಿನಿಂದ ಇದು ಸಾಧ್ಯವಾಗದು, ಅದು ಸಡಿಲಾದಷ್ಟೂ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ದೊಡ್ಡ ಆರ್ಗನ್ನಿನ ಗಾಳಿತೊಟ್ಟಿಯ ಮೇಲೆ ತೂಕ ಹೇರುತ್ತಾರೆ. ಮೇಲಿದ್ದರೂ ಕೆಳಗಿಳಿದರೂ ಕಬ್ಬಿಣದ ತುಂಡಿನ ತೂಕ ಬದಲಾಗುವುದಿಲ್ಲ. ಇಷ್ಟಕ್ಕೇ ಸಮಸ್ಯೆ ಮುಗಿಯಲಿಲ್ಲ. ತಿದಿಯ ಪಕ್ಕದ ಚರ್ಮದ ಮಡಿಕೆಗಳು ಮುದುಡುತ್ತಾ ಬಂದಂತೆ ಒತ್ತಡ ಸ್ವಲ್ಪ ವ್ಯತ್ಯಾಸವಾಗುತ್ತದೆ. ಇದಕ್ಕೆ ಉಪಾಯ ಹುಡುಕಿದವನು 18ನೇ ಶತಮಾನದ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್. ಒಂದು ಮಡಿಕೆ ಒಳಮುಖವಾಗಿಯೂ ಇನ್ನೊಂದು ಹೊರಮುಖವಾಗಿಯೂ ಇದ್ದರೆ ಒಂದರ ದೋಷವನ್ನು ಇನ್ನೊಂದು ಅಳಿಸುತ್ತದೆ! ತಕ್ಕಡಿಯ ಎರಡು ತಟ್ಟೆಗಳಂತೆ, ಜೋಡಿ ಎತ್ತುಗಳಲ್ಲಿ ಒಂದು ಎಡಕ್ಕೆ ಎಳೆದಾಗ ಇನ್ನೊಂದು ಬಲಕ್ಕೆ ಎಳೆದು ಬಂಡಿ ನೇರ ಸಾಗುವಂತೆ.

ಈ ವಿದ್ಯೆಯನ್ನು ಶಿಖರಕ್ಕೇರಿಸಿದವರು ಅರಿಸ್ತೀದ್ ಕವಯೇ-ಕೋಲ್. 1811ರಲ್ಲಿ ಫ್ರಾನ್ಸಿನ ಮೊಂಪೆಲಿಯೆಯಲ್ಲಿ, ತಲೆಮಾರುಗಳಿಂದ ಆರ್ಗನ್ ಕಟ್ಟುತ್ತಿದ್ದ ಮನೆತನದಲ್ಲಿ ಹುಟ್ಟಿದರು. 1833ರಲ್ಲಿ ಪ್ಯಾರಿಸ್ಸಿಗೆ ಬಂದರು. ಸ್ಯಾಂ-ದೆನಿ ಚರ್ಚಿನಲ್ಲಿ 1841ರಲ್ಲಿ ಮುಗಿದ ಅವರ ಆರ್ಗನ್ನಿನಲ್ಲಿ ಮಂದ್ರ ಸ್ವರಗಳಿಗೆ ಒಂದು ಒತ್ತಡ, ತಾರ ಸ್ವರಗಳಿಗೆ ಅದಕ್ಕಿಂತ ಹೆಚ್ಚಿನ ಒತ್ತಡ. ಮೇಲೇರಿದಂತೆ ಸಣ್ಣ ಕೊಳವೆಗಳ ದನಿ ಕ್ಷೀಣಿಸಬಾರದೆಂದು ಈ ಏರ್ಪಾಟು. ಅಲ್ಲಿಂದ ಮುಂದೆ ಪ್ಯಾರಿಸ್ಸಿನ ದೊಡ್ಡ ಚರ್ಚುಗಳು ಒಂದೊಂದಾಗಿ ಅವರನ್ನು ಹುಡುಕಿಕೊಂಡು ಬಂದವು.

ಒಬ್ಬ ಭೌತವಿಜ್ಞಾನಿಯೂ ಬಂದರು. ಲೋಲಕದಿಂದ ಭೂಮಿಯ ತಿರುಗುವಿಕೆಯನ್ನು ತೋರಿಸಿದ್ದ ಲೆಯೋಂ ಫೂಕೋ, ಬೆಳಕಿನ ವೇಗವನ್ನು ಒಂದು ಕೋಣೆಯೊಳಗೇ ಅಳೆಯಲು ಹೊರಟಿದ್ದರು. ಸೆಕೆಂಡಿಗೆ 400 ಸುತ್ತು ತಿರುಗುವ ಪುಟ್ಟ ಕನ್ನಡಿಗೆ ಬಡಿದ ಬೆಳಕು, ಬೇರೆ ಕನ್ನಡಿಗಳ ನಡುವೆ ಒಟ್ಟು ಸುಮಾರು 40 ಮೀಟರ್ ಹೋಗಿಬಂದು ಮತ್ತೆ ಅದೇ ಕನ್ನಡಿಗೆ ಬಡಿಯುತ್ತದೆ. ಅಷ್ಟರಲ್ಲಿ ಕನ್ನಡಿ ಕೂದಲೆಳೆಯಷ್ಟು ತಿರುಗಿರುತ್ತದೆ, ಬಿಂಬ ಸರಿದಿರುತ್ತದೆ. ಎಷ್ಟು ಸರಿಯಿತು? ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಕನ್ನಡಿಯ ವೇಗದಲ್ಲಿ ನೂರಕ್ಕೆ ಒಂದು ಪಾಲು ತಪ್ಪಿದರೂ ಬೆಳಕಿನ ಲೆಕ್ಕದಲ್ಲಿ ಸೆಕೆಂಡಿಗೆ 3,000 ಕಿಲೋಮೀಟರ್ ತಪ್ಪುತ್ತದೆ!

ಕನ್ನಡಿಯನ್ನು ತಿರುಗಿಸುತ್ತಿದ್ದುದು ಗಾಳಿಯಿಂದ ನಡೆಯುವ ಪುಟ್ಟ ಟರ್ಬೈನ್. ಅದಕ್ಕೆ ಏರಿಳಿತವಿಲ್ಲದ ಗಾಳಿಯನ್ನು ಕೊಟ್ಟದ್ದು ಕವಯೇ-ಕೋಲ್ ಕಟ್ಟಿದ ತಿದಿ. ವೇಗ ಸರಿಯಿದೆಯೇ ಎಂದು ಪರೀಕ್ಷಿಸಲು ಗಡಿಯಾರದಂತೆ ತಿರುಗುವ ಹಲ್ಲುಚಕ್ರವೊಂದಿತ್ತು. ತಿರುಗುವ ಕನ್ನಡಿಯಿಂದ ಮಿಣುಕಿ ಬರುವ ಬೆಳಕಿನಲ್ಲಿ ಹಲ್ಲುಗಳು ನಿಂತಂತೆ ಕಂಡರೆ ಕನ್ನಡಿಯ ವೇಗ ಸರಿ. ಟ್ಯೂಬ್‌ಲೈಟಿನ ಕೆಳಗೆ ಫ್ಯಾನಿನ ರೆಕ್ಕೆಗಳು ಕೆಲವೊಮ್ಮೆ ನಿಂತಂತೆ ಕಾಣುತ್ತವಲ್ಲ, ಅದೇ ತತ್ವ.

1862ರಲ್ಲಿ ಬಂದ ಉತ್ತರ ಸೆಕೆಂಡಿಗೆ 2,98,000 ಕಿಲೋಮೀಟರ್. ಇಂದಿನ ಅಂಕಿ 2,99,792. ನಮ್ಮ ಪಠ್ಯಪುಸ್ತಕಗಳಲ್ಲಿ ಫೂಕೋ ಇದ್ದಾರೆ, ತಿದಿ ಕಟ್ಟಿದ ಕೈ ಇಲ್ಲ. ಪ್ರಯೋಗಾಲಯಕ್ಕೆ ಹೆಗಲು ಕೊಟ್ಟ ಕಸುಬುದಾರರನ್ನು ಹೀಗೆ ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ.

ಅದೇ 1862ರಲ್ಲಿ, ಅದೇ ಪ್ಯಾರಿಸ್ಸಿನ ಸ್ಯಾಂ-ಸುಲ್ಪೀಸ್ ಚರ್ಚಿನಲ್ಲಿ ಕವಯೇ-ಕೋಲ್ ಅವರ ಮಹಾ ಆರ್ಗನ್ ಸಿದ್ಧವಾಯಿತು. ಐದು ಕೀಲಿಮಣೆಗಳ ಆ ವಾದ್ಯವನ್ನು ಇಂದಿಗೂ ನುಡಿಸುತ್ತಾರೆ.