ಡಿಸ್ಕ್‌ವರ್ಲ್ಡ್ ಕಾದಂಬರಿಗಳನ್ನು ಯಾವುದರಿಂದ ಓದಲು ಆರಂಭಿಸಬೇಕು?

ಪ್ರಶ್ನೆ: ಟೆರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಮಾಲಿಕೆಯನ್ನು ಓದಬೇಕೆಂದಿದ್ದೇನೆ. ಅಭಿಮಾನಿಗಳನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಪುಸ್ತಕದ ಹೆಸರು ಹೇಳುತ್ತಾರೆ. ಮೊದಲ ಪುಸ್ತಕವನ್ನು ಮೊದಲು ಓದಬೇಡಿ ಎನ್ನುವವರೇ ಹೆಚ್ಚು. ಹೀಗೇಕೆ? ನಾನು ಯಾವುದನ್ನು ಕೈಗೆತ್ತಿಕೊಳ್ಳಲಿ?

ಉತ್ತರ: 1989ರಲ್ಲಿ ಬಂದ ‘ಗಾರ್ಡ್ಸ್! ಗಾರ್ಡ್ಸ್!’ ಕಾದಂಬರಿಯನ್ನು ಕೈಗೆತ್ತಿಕೊಳ್ಳಿ. ಈ ಉತ್ತರವನ್ನು ಒಪ್ಪದ ಅಭಿಮಾನಿಗಳು ಬಹಳ ಮಂದಿ ಇದ್ದಾರೆ. ಅವರು ಏಕೆ ಒಪ್ಪುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ನಿಮ್ಮ ಆಯ್ಕೆ ಇನ್ನಷ್ಟು ಸುಲಭವಾಗುತ್ತದೆ.

ಡಿಸ್ಕ್‌ವರ್ಲ್ಡ್ ಎಂದರೆ ಬಾಹ್ಯಾಕಾಶದಲ್ಲಿ ಈಜುತ್ತಿರುವ ಒಂದು ಮಹಾ ಆಮೆಯ ಬೆನ್ನ ಮೇಲೆ ನಿಂತ ನಾಲ್ಕು ಆನೆಗಳು ಹೊತ್ತಿರುವ ಚಪ್ಪಟೆಯಾದ ಲೋಕ. 1983ರಿಂದ 2015ರವರೆಗೆ ಈ ಲೋಕದ ಕುರಿತು 41 ಕಾದಂಬರಿಗಳು ಪ್ರಕಟವಾದವು. ಆದರೆ ಇವು ಒಂದೇ ಕಥೆಯ 41 ಭಾಗಗಳಲ್ಲ. ಲೋಕ ಒಂದೇ ಆದರೂ ಅದರೊಳಗೆ ಹಲವು ಕಥಾಸರಣಿಗಳಿವೆ: ಆಂಕ್-ಮೊರ್ಪೊರ್ಕ್ ನಗರದ ಕಾವಲು ಪಡೆಯದು ಒಂದು, ಲ್ಯಾಂಕರ್ ಎಂಬ ಗುಡ್ಡಗಾಡು ರಾಜ್ಯದ ಮಾಟಗಾತಿಯರದು ಇನ್ನೊಂದು, ಸಾಕ್ಷಾತ್ ಮೃತ್ಯುವಿನದು ಮತ್ತೊಂದು, ಹೇಡಿ ಮಾಂತ್ರಿಕ ರಿನ್ಸ್‌ವಿಂಡ್‌ನದು ಮಗದೊಂದು. ಇವುಗಳನ್ನು ಬಾಣದ ಗುರುತುಗಳಿಂದ ಜೋಡಿಸಿ ಅಭಿಮಾನಿಗಳು ರಚಿಸಿರುವ ನಕ್ಷೆಗಳು ಹೊಸ ಓದುಗನಿಗೆ ನೆರವಾಗುವುದಕ್ಕಿಂತ ಅವನನ್ನು ಹೆದರಿಸುವುದೇ ಹೆಚ್ಚು ಎಂಬುದು ನನ್ನ ಅನಿಸಿಕೆ. ಯಾವ ಪುಸ್ತಕ ಮೊದಲು ಎಂದು ನೀವು ಕೇಳಿದಾಗ ಅಭಿಮಾನಿಯ ಬಾಯಿಂದ ಬರುವುದು ನಿಜವಾಗಿ ಪುಸ್ತಕದ ಹೆಸರಲ್ಲ, ತನಗೆ ಅತ್ಯಂತ ಪ್ರಿಯವಾದ ಪಾತ್ರ ಎಲ್ಲಿ ಮೈದುಂಬಿಕೊಂಡಿದೆಯೋ ಆ ಜಾಗದ ಹೆಸರು. ಉತ್ತರಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಇದೇ ಕಾರಣ.

ಮೊದಲ ಕಾದಂಬರಿ ‘ದಿ ಕಲರ್ ಆಫ್ ಮ್ಯಾಜಿಕ್’ ಕೆಟ್ಟ ಪುಸ್ತಕವೇನಲ್ಲ. ವಿಮೆ ಎಂದರೇನೆಂದೇ ತಿಳಿಯದ ನಗರಕ್ಕೆ ಟೂಫ್ಲವರ್ ಎಂಬ ಮುಗ್ಧ ಪ್ರವಾಸಿಯೊಬ್ಬ ಬೆಂಕಿ ವಿಮೆಯನ್ನು ಪರಿಚಯಿಸುವುದು, ಅದರ ಲಾಭವನ್ನು ಮಾತ್ರ ಚೆನ್ನಾಗಿ ಅರ್ಥಮಾಡಿಕೊಂಡ ಪಾನಗೃಹದ ಮಾಲೀಕನ ದೆಸೆಯಿಂದ ಊರೇ ಹೊತ್ತಿ ಉರಿಯುವುದು ಇಂದಿಗೂ ನಗೆಯುಕ್ಕಿಸುವ ಪ್ರಸಂಗ. ಆದರೆ ಅಲ್ಲಿ ಪ್ರ್ಯಾಚೆಟ್ ಮುಖ್ಯವಾಗಿ ಆ ಕಾಲದ ಫ್ಯಾಂಟಸಿ ಕಥೆಗಳನ್ನು ಅಣಕಿಸುತ್ತಿದ್ದರು. ಕತ್ತಿ ಹಿಡಿದ ವೀರರು, ಡ್ರ್ಯಾಗನ್ ಸವಾರರು, ಪುರಾತನ ದುಷ್ಟ ದೇವತೆಗಳನ್ನೆಲ್ಲ ಮೊದಲೇ ಬಲ್ಲವನಿಗೆ ಆ ಅಣಕ ದಕ್ಕುತ್ತದೆ, ಉಳಿದವರಿಗೆ ಅರ್ಧ ಮಾತ್ರ. ಸಾಲದೆಂಬಂತೆ ಪುಸ್ತಕದ ಕೊನೆಯಲ್ಲಿ ನಾಯಕನು ಲೋಕದ ಅಂಚಿನಿಂದ ಕೆಳಗೆ ಬೀಳುತ್ತಾನೆ. ಮುಂದೇನಾಯಿತೆಂದು ತಿಳಿಯಲು 1986ರ ‘ದಿ ಲೈಟ್ ಫೆಂಟಾಸ್ಟಿಕ್’ ಓದಬೇಕು. ರಿನ್ಸ್‌ವಿಂಡ್ ಎಲ್ಲರ ಮೆಚ್ಚಿನ ಪಾತ್ರಗಳ ಪಟ್ಟಿಯಲ್ಲಿ ಮೇಲೇರದಿರುವುದಕ್ಕೂ ಕಾರಣವಿದೆ: ಅವನು ಓಡುತ್ತಾನೆ, ತಪ್ಪಿಸಿಕೊಳ್ಳುತ್ತಾನೆ, ಆದರೆ ಬದಲಾಗುವುದಿಲ್ಲ. ಅವನ ಕಥೆಗಳಲ್ಲಿ ನೂರಾರು ಪುಟ್ಟ ಕಾಲುಗಳ ಮೇಲೆ ಓಡುತ್ತಾ ಎದುರಾದವರನ್ನು ನುಂಗುವ ಪೆಟ್ಟಿಗೆಗೇ ಅವನಿಗಿಂತ ಹೆಚ್ಚು ಅಭಿಮಾನಿಗಳಿರಬಹುದೆಂದು ನನಗೆ ಗುಮಾನಿ.

ಸ್ಯಾಮ್ ವೈಮ್ಸ್‌ನ ವಿಷಯ ಬೇರೆ. ‘ಗಾರ್ಡ್ಸ್! ಗಾರ್ಡ್ಸ್!’ನಲ್ಲಿ ನಾವು ಅವನನ್ನು ಮೊದಲು ಕಾಣುವಾಗ ಅವನು ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಾನೆ. ಅವನ ಕೈಕೆಳಗಿನ ರಾತ್ರಿ ಕಾವಲು ಪಡೆಯಲ್ಲಿ ಉಳಿದಿರುವವರು ಬೆರಳೆಣಿಕೆಯಷ್ಟು ಮಂದಿ, ಯಾರಿಗೂ ಬೇಡವಾದವರು. ಕುಬ್ಜರ ನಡುವೆ ಬೆಳೆದು ತಾನೂ ಕುಬ್ಜನೆಂದೇ ನಂಬಿರುವ ಆರಡಿ ಎತ್ತರದ ಕ್ಯಾರಟ್ ಎಂಬ ಯುವಕ ಈ ಪಡೆಗೆ ಬಂದು ಸೇರಿ, ಕಾನೂನಿನ ಪುಸ್ತಕವನ್ನು ಅಕ್ಷರಶಃ ಪಾಲಿಸತೊಡಗುತ್ತಾನೆ. ಸಾಹಸಕಥೆಗಳಲ್ಲಿ ನಾಯಕನ ಕತ್ತಿಗೆ ಬಲಿಯಾಗಲೆಂದೇ ಓಡಿ ಬರುವ ಹೆಸರಿಲ್ಲದ ಕಾವಲುಗಾರರಿಗೆ ಪ್ರ್ಯಾಚೆಟ್ ಈ ಕಾದಂಬರಿಯನ್ನು ಅರ್ಪಿಸಿದ್ದಾರೆ, ಇಡೀ ಪುಸ್ತಕ ನಿಂತಿರುವುದೂ ಆ ಅರ್ಪಣೆಯ ಮೇಲೆಯೇ. ಮುಂದಿನ ಕಾದಂಬರಿಗಳಲ್ಲಿ ವೈಮ್ಸ್ ಕುಡಿತವನ್ನು ಬಿಡುತ್ತಾನೆ, ಮದುವೆಯಾಗುತ್ತಾನೆ, ತಾನು ದ್ವೇಷಿಸುವ ಶ್ರೀಮಂತ ವರ್ಗಕ್ಕೇ ಏರುತ್ತಾನೆ, ಮತ್ತು ತನ್ನೊಳಗಿನ ಕ್ರೌರ್ಯವನ್ನು ತಾನೇ ಕಾವಲು ಕಾಯುತ್ತಾನೆ. 1993ರ ‘ಮೆನ್ ಅಟ್ ಆರ್ಮ್ಸ್’ನಲ್ಲಿ ಅವನು ಬೂಟುಗಳ ಬಗ್ಗೆ ಮಾಡುವ ಲೆಕ್ಕಾಚಾರವನ್ನು ಕಾದಂಬರಿ ಓದದವರೂ ಇಂದು ಬಲ್ಲರು: 50 ಡಾಲರಿನ ಗಟ್ಟಿ ಬೂಟು ಕೊಳ್ಳಬಲ್ಲವನ ಕಾಲು ಹತ್ತು ವರ್ಷವಾದರೂ ಒದ್ದೆಯಾಗುವುದಿಲ್ಲ, ಆದರೆ 10 ಡಾಲರಿನ ಬೂಟನ್ನಷ್ಟೇ ಕೊಳ್ಳಬಲ್ಲ ಬಡವ ಅದೇ ಅವಧಿಯಲ್ಲಿ 100 ಡಾಲರ್ ಖರ್ಚು ಮಾಡಿಯೂ ಒದ್ದೆ ಕಾಲಿನಲ್ಲೇ ಇರುತ್ತಾನೆ. 2022ರಲ್ಲಿ ಬ್ರಿಟನ್ನಿನಲ್ಲಿ ಬಡವರ ಮೇಲಾಗುವ ಬೆಲೆಯೇರಿಕೆಯ ಹೊರೆಯನ್ನು ಅಳೆಯಲು ಯೋಜಿಸಿದ ಸೂಚ್ಯಂಕಕ್ಕೆ ವೈಮ್ಸ್‌ನ ಬೂಟುಗಳ ಹೆಸರನ್ನೇ ಇಟ್ಟರು.

ಅಭಿಮಾನಿಗಳಲ್ಲಿ ಹಲವರು 2002ರ ‘ನೈಟ್ ವಾಚ್’ ಅನ್ನು ಇಡೀ ಮಾಲಿಕೆಯಲ್ಲೇ ಶ್ರೇಷ್ಠವೆಂದು ಹೇಳುತ್ತಾರೆ, ನಾನೂ ಅದನ್ನು ಒಪ್ಪುತ್ತೇನೆ. ವೈಮ್ಸ್ ಮೂವತ್ತು ವರ್ಷ ಹಿಂದಕ್ಕೆ ಹೋಗಿ, ದಂಗೆಯ ಅಂಚಿನಲ್ಲಿರುವ ನಗರದಲ್ಲಿ ಎಳೆಯ ವಯಸ್ಸಿನ ತನಗೇ ಗುರುವಾಗುವ ಕಥೆ ಅದು. ಅದರ ನೆನಪಿಗಾಗಿ ಪ್ರತಿ ವರ್ಷ ಮೇ 25ರಂದು ಅಭಿಮಾನಿಗಳು ಲೈಲಾಕ್ ಹೂವನ್ನು ಮುಡಿಯುವ ರೂಢಿಯೂ ಇದೆ. ಆದರೂ ಅದನ್ನು ಮೊದಲು ಓದುವುದು ಬೇಡ, ಏಕೆಂದರೆ ಅವನು ಹಿಂದಕ್ಕೆ ಹೋಗುವಾಗ ಏನನ್ನೆಲ್ಲ ಕಳೆದುಕೊಳ್ಳುವ ಭಯವಿದೆ ಎಂಬುದು ಹಿಂದಿನ ಪುಸ್ತಕಗಳನ್ನು ಓದದವನಿಗೆ ತಟ್ಟುವುದಿಲ್ಲ.

ಪೊಲೀಸರ ಕಥೆ ನಿಮಗೆ ರುಚಿಸದಿದ್ದರೆ ಮಾಟಗಾತಿಯರ ಕಡೆಗೆ ಹೋಗಬಹುದು. ಗ್ರ್ಯಾನಿ ವೆದರ್‌ವ್ಯಾಕ್ಸ್ 1987ರ ‘ಈಕ್ವಲ್ ರೈಟ್ಸ್’ನಲ್ಲೇ ಕಾಣಿಸಿಕೊಂಡರೂ, ನ್ಯಾನಿ ಆಗ್ ಮತ್ತು ಮ್ಯಾಗ್ರಟ್ ಜೊತೆಗೂಡಿದ 1988ರ ‘ವಿಯರ್ಡ್ ಸಿಸ್ಟರ್ಸ್’ನಿಂದ ಆರಂಭಿಸುವುದು ಮೇಲು. ಗ್ರ್ಯಾನಿ ಮಂತ್ರವನ್ನು ಅಪರೂಪಕ್ಕೆ ಬಳಸುತ್ತಾಳೆ. ಜನರ ಮನಸ್ಸನ್ನು ಓದಿದರೆ ಸಾಕು, ಮಂತ್ರದ ಹಂಗೇಕೆ ಎಂಬುದು ಅವಳ ನಿಲುವು. ತನ್ನ ಪ್ರಜ್ಞೆಯನ್ನು ಪ್ರಾಣಿಗಳ ಮೈಯೊಳಗೆ ಕಳಿಸುವಾಗ ಅವಳ ದೇಹ ಶವದಂತೆ ಬಿದ್ದಿರುತ್ತದೆ, ಆದ್ದರಿಂದ ತಾನು ಸತ್ತಿಲ್ಲವೆಂದು ಕಾಗುಣಿತ ತಪ್ಪಾಗಿ ಬರೆದ ಚೀಟಿಯನ್ನು ಕೈಯಲ್ಲಿ ಹಿಡಿದೇ ಮಲಗುತ್ತಾಳೆ. ಅವಳು ಸ್ವಭಾವತಃ ಒಳ್ಳೆಯವಳಲ್ಲ, ಹಟಕ್ಕೆ ಬಿದ್ದು ಒಳ್ಳೆಯವಳಾಗಿರುವವಳು. ಅವಳನ್ನು ವೈಮ್ಸ್‌ಗಿಂತ ಮೇಲೆಂದು ವಾದಿಸುವವರ ಬಳಿ ಇರುವ ಬಲವಾದ ಸಾಕ್ಷಿ ಇದೇ.

ಮೃತ್ಯು ಎಲ್ಲ ಬಣಗಳಿಗೂ ಬೇಕಾದವನು. 41 ಕಾದಂಬರಿಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲದರಲ್ಲೂ ಅವನು ಬರುತ್ತಾನೆ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಮಾತಾಡುತ್ತಾನೆ. ಮೊದಲ ಪುಸ್ತಕದಲ್ಲಿ ಸಿಡುಕನಂತಿದ್ದ ಈ ಅಸ್ಥಿಪಂಜರ, 1987ರ ‘ಮಾರ್ಟ್’ನಲ್ಲಿ ಒಬ್ಬ ಹುಡುಗನನ್ನು ಕೆಲಸ ಕಲಿಯಲು ಸೇರಿಸಿಕೊಂಡು ತಾನು ಮನುಷ್ಯರ ಬದುಕನ್ನು ಸವಿಯಲು ಹೊರಡುತ್ತಾನೆ, ಬೆಕ್ಕುಗಳನ್ನು ಪ್ರೀತಿಸುತ್ತಾನೆ, ತನ್ನ ಬಿಳಿ ಕುದುರೆಗೆ ಬಿಂಕಿ ಎಂದು ಹೆಸರಿಟ್ಟಿದ್ದಾನೆ. ಮರಣಶಯ್ಯೆಯಲ್ಲಿದ್ದ ಓದುಗರು ತಮಗೂ ಇಂಥವನೇ ಎದುರಾಗಲಿ ಎಂದು ಬರೆದ ಪತ್ರಗಳ ಬಗ್ಗೆ ಪ್ರ್ಯಾಚೆಟ್ ಹೇಳಿಕೊಂಡಿದ್ದರು. ‘ಮಾರ್ಟ್’ ಗಾತ್ರದಲ್ಲೂ ಚಿಕ್ಕದು, ಆದ್ದರಿಂದ ‘ಗಾರ್ಡ್ಸ್! ಗಾರ್ಡ್ಸ್!’ಗೆ ನಿಜವಾದ ಪ್ರತಿಸ್ಪರ್ಧಿ ಇದೊಂದೇ ಎನ್ನಬಹುದು.

ಒಂದೇ ಒಂದು ಪುಸ್ತಕ ಓದಿ ನಿಲ್ಲಿಸುವವರಿಗೆ 1992ರ ‘ಸ್ಮಾಲ್ ಗಾಡ್ಸ್’ ಸಾಕು. ನಿಜವಾಗಿ ನಂಬುವವನು ಒಬ್ಬನೇ ಉಳಿದಿರುವುದರಿಂದ ಆಮೆಯ ದೇಹದಲ್ಲಿ ಸಿಕ್ಕಿಬಿದ್ದ ದೇವರ ಕಥೆ ಅದು, ಅದಕ್ಕೆ ಹಿಂದುಮುಂದಿನ ಯಾವ ಪುಸ್ತಕದ ಆಸರೆಯೂ ಬೇಡ.

ಆರಿಸಿಕೊಂಡ ಸರಣಿಯೊಳಗೆ ಪ್ರಕಟಣೆಯ ಕ್ರಮವನ್ನು ಪಾಲಿಸಿ, ಒಂದು ಸರಣಿಯಿಂದ ಇನ್ನೊಂದಕ್ಕೆ ಹೋಗುವಾಗ ಕ್ರಮದ ಚಿಂತೆ ಬೇಡ. ‘ದಿ ಶೆಫರ್ಡ್ಸ್ ಕ್ರೌನ್’ ಒಂದನ್ನು ಮಾತ್ರ ಕಟ್ಟಕಡೆಗೆ ಇಟ್ಟುಕೊಳ್ಳಬೇಕು. 2015ರ ಮಾರ್ಚ್‌ನಲ್ಲಿ ತೀರಿಕೊಂಡ ಲೇಖಕರ ಈ ಕಾದಂಬರಿ ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಬಂತು, ಮತ್ತು ಮಾಟಗಾತಿಯರ ಸರಣಿಯನ್ನೂ ಟಿಫನಿ ಏಕಿಂಗ್ ಎಂಬ ಹುಡುಗಿಯ ಹಿಂದಿನ ನಾಲ್ಕು ಪುಸ್ತಕಗಳನ್ನೂ ಓದಿರದಿದ್ದರೆ ಅದರ ಮೊದಲ ಭಾಗದಲ್ಲೇ ಬರುವ ಘಟನೆಗೆ ಅರ್ಥವೇ ಇರುವುದಿಲ್ಲ.