ಸಂಬಳ ಜಾಸ್ತಿ ಮಾಡಿದರೂ ಸಿಸ್ಟರ್‌ಗಳು ಯಾಕೆ ಬಿಟ್ಟು ಹೋಗುತ್ತಾರೆ?

ಹೋದ ಮಳೆಗಾಲದಲ್ಲಿ ಅಪ್ಪನನ್ನು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಜನರಲ್ ವಾರ್ಡ್, 26 ಮಂಚ. ರಾತ್ರಿ ಡ್ಯೂಟಿಗೆ ಇದ್ದದ್ದು ಒಬ್ಬರೇ ಸಿಸ್ಟರ್, ಜೊತೆಗೆ ಒಬ್ಬರು ಆಯಾ. ನಾನು ಅಪ್ಪನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ನಿದ್ದೆ ಬರಲಿಲ್ಲ. ರಾತ್ರಿಯಿಡೀ ಆ ಸಿಸ್ಟರನ್ನೇ ನೋಡುತ್ತಿದ್ದೆ.

ಹತ್ತೂವರೆಗೆ ಅವರು ಟಿಫಿನ್ ಡಬ್ಬಿ ತೆಗೆದರು. ಚಿತ್ರಾನ್ನ. ಒಂದು ತುತ್ತು ಬಾಯಿಗೆ ಹೋಗುವಷ್ಟರಲ್ಲಿ 9ನೇ ಮಂಚದಿಂದ ಕೂಗು, "ಸಿಸ್ಟರ್, ಬಾಟಲಿ ಖಾಲಿ ಆಯ್ತು." ಡಬ್ಬಿ ಮುಚ್ಚಿ ಎದ್ದರು. ಅಲ್ಲಿಂದ ಬರುವಾಗ ಇನ್ನೊಬ್ಬರಿಗೆ ವಾಂತಿ. ಆಮೇಲೆ ಹೊಸ ಅಡ್ಮಿಷನ್. ಹನ್ನೆರಡಕ್ಕೆ ಇಂಜೆಕ್ಷನ್ ರೌಂಡ್. ಎರಡು ಗಂಟೆಗೆ ಎಲ್ಲರ ಬಿಪಿ, ಜ್ವರ ನೋಡಿ ಚಾರ್ಟ್‌ನಲ್ಲಿ ಬರೆಯಬೇಕು. ಮಲಗಿದವರಿಗೆ ತೊಂದರೆ ಆಗದಿರಲಿ ಅಂತ ದೊಡ್ಡ ದೀಪ ಹಾಕದೆ, ಮೊಬೈಲ್ ಟಾರ್ಚ್ ಹಿಡಿದುಕೊಂಡು ನೋಡಿದರು. ನಾಲ್ಕು ಗಂಟೆಗೆ ಮತ್ತೆ ಡಬ್ಬಿ ತೆಗೆದಾಗ ಅನ್ನ ಗಟ್ಟಿಯಾಗಿತ್ತು. ಎರಡು ತುತ್ತು ತಿಂದು ಉಳಿದದ್ದನ್ನು ಹಾಗೇ ಮುಚ್ಚಿಟ್ಟರು. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್, ಇಬ್ಬರ ಚಾರ್ಟ್ ತುಂಬಿಲ್ಲ ಅಂತ ಎಲ್ಲರೆದುರು ಬೈದರು. ಇಪ್ಪತ್ತನಾಲ್ಕು ಚಾರ್ಟ್ ತುಂಬಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ತಿಂಗಳ ನಂತರ ಅಪ್ಪನ ಚೆಕಪ್‌ಗೆ ಹೋದಾಗ ಅವರನ್ನು ವಿಚಾರಿಸಿದೆ. ಬಿಟ್ಟು ಹೋಗಿದ್ದರು. "ಸಂಬಳ ಜಾಸ್ತಿ ಮಾಡ್ತೀವಿ ಅಂದ್ರು ಸಾರ್, ಆದ್ರೂ ನಿಲ್ಲಲಿಲ್ಲ" ಅಂದರು ಆಯಾ. ಆ ಮಾತು ತಲೆಯಲ್ಲಿ ಉಳಿಯಿತು. ಸಂಬಳ ಜಾಸ್ತಿ ಮಾಡ್ತೀವಿ ಅಂದರೂ ಒಬ್ಬರು ಯಾಕೆ ನಿಲ್ಲುವುದಿಲ್ಲ? ಇದು ಹೊಸ ಪ್ರಶ್ನೆಯಲ್ಲ. 40 ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಕೆಲವರು ಇದನ್ನೇ ಹಿಡಿದು ಹೊರಟಿದ್ದರು.

1980ರ ಆಸುಪಾಸಿನಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ನರ್ಸ್ ಹುದ್ದೆಗಳು ಸಾಲುಸಾಲಾಗಿ ಖಾಲಿ ಬಿದ್ದಿದ್ದವು. ಹೀಗಾದಾಗ ಎಲ್ಲ ಕಡೆ ಮೊದಲು ಕೇಳುವುದು "ಯಾಕೆ ಬಿಡ್ತಾರೆ" ಅಂತ. ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್‌ನವರು ಪ್ರಶ್ನೆಯನ್ನು ತಿರುಗಿಸಿದರು. ಇಷ್ಟು ಬರದಲ್ಲೂ ಕೆಲವು ಆಸ್ಪತ್ರೆಗಳಲ್ಲಿ ನರ್ಸ್‌ಗಳು ಯಾಕೆ ಉಳಿದಿದ್ದಾರೆ ಅಂತ ನೋಡಲು ಹೊರಟರು. 163 ಆಸ್ಪತ್ರೆಗಳನ್ನು ಪರಿಶೀಲಿಸಿದರು. ಅದರಲ್ಲಿ 41 ಆಸ್ಪತ್ರೆಗಳಿಗೆ ಜನ ತಾವಾಗಿಯೇ ಬರುತ್ತಿದ್ದರು, ಬಂದವರು ನಿಲ್ಲುತ್ತಿದ್ದರು. ಅಯಸ್ಕಾಂತಕ್ಕೆ ಕಬ್ಬಿಣ ಅಂಟುವ ಹಾಗೆ. ಅದಕ್ಕೇ 'ಮ್ಯಾಗ್ನೆಟ್ ಆಸ್ಪತ್ರೆ' ಅಂತ ಹೆಸರಿಟ್ಟರು. ವರದಿ ಬಂದದ್ದು 1983ರಲ್ಲಿ.

ಆ 41 ಆಸ್ಪತ್ರೆಗಳಲ್ಲಿ ಏನಿತ್ತು? ಸಂಬಳ ಸುತ್ತಲಿನ ಆಸ್ಪತ್ರೆಗಳ ಜೊತೆ ಪೈಪೋಟಿಗೆ ನಿಲ್ಲುವಷ್ಟಿತ್ತು. ಆದರೆ ಅವನ್ನು ಬೇರೆಯಾಗಿಸಿದ್ದು ಬೇರೆ ಸಂಗತಿಗಳು. ವಾರ್ಡ್‌ನಲ್ಲಿ ಸಾಕಷ್ಟು ಜನ ಇದ್ದರು. ಡ್ಯೂಟಿ ಚಾರ್ಟ್ ಹಾಕುವಾಗ ಮನೆಯ ಕಷ್ಟಸುಖ ಕೇಳುತ್ತಿದ್ದರು. ನರ್ಸಿಂಗ್ ಮುಖ್ಯಸ್ಥೆಗೆ ಆಡಳಿತದ ಮೀಟಿಂಗ್‌ನಲ್ಲಿ ಒಂದು ಕುರ್ಚಿ ಇತ್ತು, ಅವರ ಮಾತಿಗೆ ಬೆಲೆ ಇತ್ತು. ರೋಗಿಯ ಸ್ಥಿತಿ ಬಗ್ಗೆ ನರ್ಸ್ ಹೇಳಿದ್ದನ್ನು ಡಾಕ್ಟರ್ ಕಿವಿಗೊಟ್ಟು ಕೇಳುತ್ತಿದ್ದರು. ಮುಂದೆ ಓದಲು ಅವಕಾಶ ಇತ್ತು. ಇದರಲ್ಲಿ ಯಾವುದೂ ದೊಡ್ಡ ವಿಜ್ಞಾನ ಅಲ್ಲ, ಅಲ್ವಾ? ಕೆಲಸ ಮಾಡಿದ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಆದರೆ ಎಣಿಸಿ, ಬರೆದು, ಮುಂದಿಟ್ಟಾಗ ಅದಕ್ಕೆ ಬೇರೆಯದೇ ತೂಕ ಬಂತು. ಮುಂದೆ ಇದು ಆಸ್ಪತ್ರೆಗಳಿಗೆ ಕೊಡುವ ಮಾನ್ಯತೆಯಾಗಿ ಬೆಳೆಯಿತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆ 1994ರಲ್ಲಿ ಅದನ್ನು ಮೊದಲು ಪಡೆಯಿತು.

ಆದರೆ ಆಡಳಿತದವರನ್ನು ನಿಜವಾಗಿ ಎಬ್ಬಿಸಿದ್ದು ಇನ್ನೊಂದು ಲೆಕ್ಕ. 2002ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಅವರ ತಂಡ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಅಧ್ಯಯನ ಪ್ರಕಟಿಸಿದರು. ಹತ್ತು ಸಾವಿರಕ್ಕೂ ಜಾಸ್ತಿ ನರ್ಸ್‌ಗಳು, ಆಪರೇಷನ್ ಆದ 2.3 ಲಕ್ಷ ರೋಗಿಗಳು. ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಏನಾಗುತ್ತದೆ ಅಂತ ನೋಡಿದರು. 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ನರ್ಸ್ ದಣಿದು ಬತ್ತಿಹೋಗುವ ಸಂಭವ ಶೇ 23ರಷ್ಟು, ಕೆಲಸವೇ ಬೇಸರವಾಗುವ ಸಂಭವ ಶೇ 15ರಷ್ಟು. ನಾಲ್ವರನ್ನು ನೋಡಿಕೊಳ್ಳುವ ಕಡೆಗೂ ಎಂಟು ಜನರನ್ನು ನೋಡಿಕೊಳ್ಳುವ ಕಡೆಗೂ ಹೋಲಿಸಿದರೆ, ಸಾವಿನ ಸಂಭವದಲ್ಲಿ ಶೇ 31ರ ವ್ಯತ್ಯಾಸ.

ಇದನ್ನು ಓದಿದಾಗ ನನಗೆ ನೆನಪಾದದ್ದು ಆ 26 ಮಂಚ.

ಅಂಕಿ ಬಿಟ್ಟು ವಾರ್ಡ್‌ನಲ್ಲಿ ನಿಂತು ಯೋಚಿಸಿ. ಹತ್ತು ಜನ ಮಾಡುವ ಕೆಲಸದಲ್ಲಿ ಒಬ್ಬರು ಬಿಟ್ಟರು. ಅವರ ರೋಗಿಗಳು ಉಳಿದ ಒಂಬತ್ತು ಜನರಿಗೆ ಹಂಚಿಕೆಯಾದರು. ರಜೆ ರದ್ದಾಯಿತು, ಡಬಲ್ ಡ್ಯೂಟಿ ಬಂತು. ಈಗ ಇನ್ನಿಬ್ಬರು ಬಿಡುತ್ತಾರೆ. ಆಗ ಆಡಳಿತ ಹೊಸಬರಿಗೆ ಸಂಬಳ ಹೆಚ್ಚಿಸುತ್ತದೆ. ಹೊಸಬರು ಬರುತ್ತಾರೆ, ಅದೇ ವಾರ್ಡ್ ನೋಡುತ್ತಾರೆ, ಆರು ತಿಂಗಳಿಗೆ ಅವರೂ ಹೊರಡುತ್ತಾರೆ. ಹೆಚ್ಚು ಕೊಟ್ಟ ದುಡ್ಡು 9ನೇ ಮಂಚದ ಬಾಟಲಿ ಬದಲಾಯಿಸುವುದಿಲ್ಲ. ಊಟಕ್ಕೆ ಹದಿನೈದು ನಿಮಿಷವನ್ನೂ ಕೊಡುವುದಿಲ್ಲ. ತೂತು ಕೊಡಕ್ಕೆ ನೀರು ಹೊತ್ತು ಹಾಕಿದ ಹಾಗೆ. ಇನ್ನೊಂದು ನೋವು ಹೊರಗಿನವರಿಗೆ ಕಾಣುವುದಿಲ್ಲ. ಚೆನ್ನಾಗಿ ನೋಡಿಕೊಳ್ಳಬೇಕು ಅಂತಲೇ ಈ ಕೆಲಸಕ್ಕೆ ಬಂದವರು, ಚೆನ್ನಾಗಿ ನೋಡಿಕೊಳ್ಳಲು ಆಗದೆ ಪ್ರತಿ ರಾತ್ರಿ ಮನೆಗೆ ಹೋಗುತ್ತಾರೆ. ಅದಕ್ಕೆ ಪರಿಹಾರ ಸಂಬಳದ ಚೀಟಿಯಲ್ಲಿ ಸಿಗುವುದಿಲ್ಲ.

ಇದನ್ನು ಕಾನೂನು ಮಾಡಿ ಸರಿಪಡಿಸಲು ನೋಡಿದವರಿದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1990ರ ದಶಕದಲ್ಲಿ ಸರ್ಕಾರ ಖರ್ಚು ಕಡಿತ ಮಾಡಿತು, ನರ್ಸ್‌ಗಳು ಸರ್ಕಾರಿ ಆಸ್ಪತ್ರೆ ಬಿಟ್ಟರು. ಹೋರಾಟದ ನಂತರ 2000ದಲ್ಲಿ ದೊಡ್ಡ ಆಸ್ಪತ್ರೆಗಳ ವಾರ್ಡ್‌ನಲ್ಲಿ ಹಗಲಿಗೆ 20 ರೋಗಿಗಳಿಗೆ 5 ನರ್ಸ್ ಅಂತ ನಿಗದಿಯಾಯಿತು. ಆಮೇಲೆ ಆದದ್ದು ನನಗೆ ಈ ಇಡೀ ಇತಿಹಾಸದಲ್ಲೇ ಮುಖ್ಯ ಅನ್ನಿಸುವ ಸಂಗತಿ. ಕೆಲಸ ಬಿಟ್ಟು ಮನೆಯಲ್ಲಿದ್ದ ಸಾವಿರಾರು ನರ್ಸ್‌ಗಳು ವಾಪಸ್ ಬಂದರು. ಅಂದರೆ ಊರಲ್ಲಿ ನರ್ಸ್‌ಗಳಿದ್ದರು. ಆ ವಾರ್ಡ್‌ಗೆ ಬರಲು ಮಾತ್ರ ಅವರಿಗೆ ಮನಸ್ಸಿರಲಿಲ್ಲ. 2015ರಲ್ಲಿ ಆ ಲೆಕ್ಕ ಅಲ್ಲಿ ಕಾನೂನೇ ಆಯಿತು.

ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ತಂದಿತು, 2004ರ ಜನವರಿ 1ರಿಂದ ಜಾರಿ. ಐಸಿಯುನಲ್ಲಿ ಇಬ್ಬರು ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ವಾರ್ಡ್‌ನಲ್ಲಿ ಮೊದಲು ಆರಕ್ಕೆ ಒಬ್ಬರು, ಮರುವರ್ಷದಿಂದ ಐದಕ್ಕೆ ಒಬ್ಬರು. "ಇರುವುದೇ ಕಮ್ಮಿ, ಇಷ್ಟು ಜನರನ್ನು ಎಲ್ಲಿಂದ ತರೋದು" ಅಂತ ಆಸ್ಪತ್ರೆಗಳು ಕೂಗಾಡಿದವು. ಗವರ್ನರ್ ಶ್ವಾರ್ಜನೆಗರ್ ಜಾರಿಯನ್ನು ಮುಂದೂಡಲು ನೋಡಿದರು, ನರ್ಸ್‌ಗಳು ಬೀದಿಗಿಳಿದರು, ಕೋರ್ಟ್ ನರ್ಸ್‌ಗಳ ಪರ ನಿಂತಿತು. 2010ರಲ್ಲಿ ಏಕನ್ ತಂಡವೇ ಬೇರೆ ಎರಡು ರಾಜ್ಯಗಳ ಜೊತೆ ಹೋಲಿಸಿ ನೋಡಿದಾಗ, ಕ್ಯಾಲಿಫೋರ್ನಿಯಾದ ನರ್ಸ್‌ಗಳು ಕಡಿಮೆ ದಣಿದಿದ್ದರು.

ಬ್ರಿಟನ್ ಇದನ್ನು ಕಲಿತದ್ದು ತುಂಬಾ ಕೆಟ್ಟ ದಾರಿಯಲ್ಲಿ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರ ನಡುವೆ ಖರ್ಚು ಉಳಿಸಲು ಸಿಬ್ಬಂದಿ ಕಡಿತ ಮಾಡಿದ್ದರು. ರೋಗಿಗಳು ಬಾಯಾರಿ ಹೂದಾನಿಯ ನೀರು ಕುಡಿದ ಸುದ್ದಿ ಹೊರಬಂತು. ಆ ಬಗ್ಗೆ ವಿಚಾರಣೆ ನಡೆದು ಫ್ರಾನ್ಸಿಸ್ ವರದಿ 2013ರಲ್ಲಿ ಬಂತು. ಆಮೇಲೆ, 2016ರಲ್ಲಿ ಬ್ರಿಟನ್ನಿನ ಭಾಗವಾದ ವೇಲ್ಸ್ ಇಡೀ ಬ್ರಿಟನ್ನಿನಲ್ಲೇ ಮೊದಲ ನರ್ಸ್ ಸಂಖ್ಯೆಯ ಕಾನೂನು ಮಾಡಿತು.

ಈಗ ನಮ್ಮ ಕಡೆಗೆ ಬರೋಣ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಅವರನ್ನು ನೆನೆಯದೆ ಈ ವಿಷಯ ಮಾತಾಡಲು ನನಗೆ ಆಗುವುದಿಲ್ಲ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದಾಗ ಅಲ್ಲಿನ ಒಬ್ಬ ನೌಕರ ಅವರ ಮೇಲೆ ದಾಳಿ ಮಾಡಿದ. ಅವರು ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಜಾಸ್ತಿ, ಅದೇ ಆಸ್ಪತ್ರೆಯ ನರ್ಸ್‌ಗಳು ಒಬ್ಬರ ನಂತರ ಒಬ್ಬರು ಅವರನ್ನು ನೋಡಿಕೊಂಡರು. ಈ ಭಾಗ ನಮಗೆಲ್ಲ ಗೊತ್ತು. ದಾಳಿಯಾದ ಕೂಡಲೇ ಮುಂಬೈಯ ನರ್ಸ್‌ಗಳು ಕೆಲಸ ನಿಲ್ಲಿಸಿ ಮುಷ್ಕರ ಮಾಡಿದ್ದು ಮಾತ್ರ ಅಷ್ಟು ನೆನಪಿಲ್ಲ. ಅರುಣಾಗೆ ಒಳ್ಳೆಯ ಆರೈಕೆ ಸಿಗಬೇಕು, ನಮಗೆ ಕೆಲಸದ ಜಾಗ ಸರಿಯಿರಬೇಕು, ಇದು ಅವರ ಬೇಡಿಕೆ.

2024ರ ಆಗಸ್ಟ್ 9. ಕೋಲ್ಕತ್ತಾದ ಆರ್.ಜಿ. ಕರ್ ಮೆಡಿಕಲ್ ಕಾಲೇಜು. ಉದ್ದನೆಯ ಡ್ಯೂಟಿಯ ನಡುವೆ ಸ್ವಲ್ಪ ಒರಗಲು ಜಾಗವಿಲ್ಲದೆ ಸೆಮಿನಾರ್ ಹಾಲ್‌ಗೆ ಹೋದ ಯುವ ವೈದ್ಯೆಯ ಅತ್ಯಾಚಾರ, ಕೊಲೆ. ಆಗಸ್ಟ್ 17ರಂದು ದೇಶದ ಡಾಕ್ಟರ್‌ಗಳು ಕೆಲಸ ನಿಲ್ಲಿಸಿದರು, ನಮ್ಮ ರಾಜ್ಯದಲ್ಲೂ ಹೊರರೋಗಿ ವಿಭಾಗಗಳು ಮುಚ್ಚಿದವು. ಅವರು ಕೇಳಿದ್ದು ವಿಶ್ರಾಂತಿಗೆ ಕೋಣೆ, ದೀಪ, ಕ್ಯಾಮೆರಾ, ಕಾವಲು. ಚಿಲಕ ಇರುವ ಒಂದು ಬಾಗಿಲಿಗಾಗಿ 51 ವರ್ಷದ ನಂತರವೂ ಕೇಳಬೇಕಾಗಿ ಬಂದದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಸಂಬಳ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಖಾಸಗಿ ಆಸ್ಪತ್ರೆಯ ಸಿಸ್ಟರ್‌ಗೆ ಹಾಗೆ ಹೇಳಿದರೆ ಅನ್ಯಾಯ. ಸಾಲ ಮಾಡಿ ಓದಿದವರಿಗೆ ಕಂತು ಕಟ್ಟಲೂ ಸಾಲದಷ್ಟು ಕೊಡುವ ಕಡೆಗಳಿವೆ. ಹೊಟ್ಟೆ ತುಂಬದೆ ಇದ್ದರೆ ಉಳಿದ ಮಾತು ಯಾಕೆ? ಆದರೆ 2011-12ರಲ್ಲಿ ಕೇರಳ, ದೆಹಲಿ, ಮುಂಬೈಯ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಮುಷ್ಕರಕ್ಕೆ ಇಳಿದಾಗ ಬರೀ ಸಂಬಳ ಕೇಳಲಿಲ್ಲ. ಇಷ್ಟು ವರ್ಷ ಕೆಲಸ ಬಿಡಬಾರದು ಅಂತ ಬರೆಸಿಕೊಳ್ಳುವ ಬಾಂಡ್ ತೆಗೆಯಿರಿ ಅಂದರು, ತಡೆದಿಟ್ಟುಕೊಂಡ ಒರಿಜಿನಲ್ ಸರ್ಟಿಫಿಕೇಟ್ ವಾಪಸ್ ಕೊಡಿ ಅಂದರು, ಎಂಟು ಗಂಟೆಯ ಮೂರು ಶಿಫ್ಟ್ ಕೇಳಿದರು. ಸರ್ಟಿಫಿಕೇಟ್ ಕಿತ್ತಿಟ್ಟುಕೊಂಡು ಜನರನ್ನು ಉಳಿಸಿಕೊಳ್ಳಬೇಕಾದ ಆಸ್ಪತ್ರೆ ಎಂಥ ಜಾಗ ಅಂತ ನೀವೇ ಯೋಚಿಸಿ.

ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು. 2016ರ ಜನವರಿಯಲ್ಲಿ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. 200ಕ್ಕಿಂತ ಜಾಸ್ತಿ ಹಾಸಿಗೆ ಇರುವ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂತ ಸಮಿತಿ ಹೇಳಿತು. ಎಲ್ಲರ ಬಾಯಲ್ಲಿ ಉಳಿದದ್ದು ಆ 20,000. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ರಜೆ, ಕೆಲಸದ ಗಂಟೆ, ಓಡಾಟಕ್ಕೆ ವಾಹನ, ಉಳಿಯಲು ಜಾಗ, ವೈದ್ಯಕೀಯ ಸೌಲಭ್ಯ, ಇವೂ ಸರ್ಕಾರಿ ನರ್ಸ್‌ಗಳಿಗೆ ಇರುವ ಹಾಗೇ ಇರಬೇಕು. ಈ ಸಾಲನ್ನು ಯಾರೂ ಎತ್ತಿ ಹಿಡಿಯಲಿಲ್ಲ ಅನ್ನುವುದು ನನ್ನ ದೂರು.

ಸಂಖ್ಯೆಯ ಲೆಕ್ಕ ನಮ್ಮಲ್ಲೂ ಇದೆ. ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೂರು ರೋಗಿಗೆ ಒಬ್ಬ ನರ್ಸ್, ಉಳಿದ ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು, ಮೇಲೆ ರಜೆಗೆ ಹೋಗುವವರ ಬದಲಿಗೆ ಶೇ 30ರಷ್ಟು ಹೆಚ್ಚುವರಿ ಅಂತ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಆದರೆ ಕ್ಯಾಲಿಫೋರ್ನಿಯಾದ ಹಾಗೆ ಕಾನೂನಿನ ಬಲ ಅದಕ್ಕಿಲ್ಲ. ಓದಿಸಲು ನಮಗೆ ಕಾಲೇಜಿಲ್ಲದೆ ಹೋಗಿಲ್ಲ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಬಂದು ಓದುತ್ತಾರೆ. ಓದಿ ಎಲ್ಲಿಗೆ ಹೋಗುತ್ತಾರೆ ಅನ್ನುವುದೂ ಗೊತ್ತಿರುವುದೇ.

ನಮ್ಮ ಅಣ್ಣನ ಮಗಳೂ ಹಾಗೇ ಹೋದವಳು. ಮಂಗಳೂರಿನಲ್ಲಿ ಓದಿ, ನಾಲ್ಕು ವರ್ಷ ಇಲ್ಲೇ ದುಡಿದು, ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ ಈಗ ಇಂಗ್ಲೆಂಡಿನಲ್ಲಿದ್ದಾಳೆ. ದುಡ್ಡಿಗೆ ಹೋದಳು ಅಂತಲೇ ನಾವೆಲ್ಲ ಮಾತಾಡಿಕೊಂಡಿದ್ದೆವು. ಈ ಲೇಖನಕ್ಕೆ ಕೂತಾಗ ಫೋನ್ ಮಾಡಿ ನೇರವಾಗಿ ಕೇಳಿದೆ.

"ದುಡ್ಡೂ ಹೌದು ಚಿಕ್ಕಪ್ಪ, ಸುಳ್ಳು ಯಾಕೆ ಹೇಳ್ಲಿ" ಅಂದಳು. "ಆದ್ರೆ ಇಲ್ಲಿ ಖರ್ಚೂ ಜಾಸ್ತಿ. ಬಾಡಿಗೆಗೇ ಎಷ್ಟೋ ಹೋಗುತ್ತೆ. ಇಲ್ಲೂ ಜನ ಕಮ್ಮಿ, ಇಲ್ಲಿನವರೂ ಕೆಲಸ ಬಿಡ್ತಿದ್ದಾರೆ. ಹನ್ನೆರಡು ಗಂಟೆ ಡ್ಯೂಟಿ ಮಾಡಿ ಕಾಲು ಬಿದ್ದುಹೋಗುತ್ತೆ." ಸ್ವಲ್ಪ ಹೊತ್ತು ಸುಮ್ನಿದ್ದಳು. "ಆದ್ರೆ ಡ್ಯೂಟಿ ಚಾರ್ಟ್ ವಾರಗಟ್ಟಲೆ ಮೊದಲೇ ಕೈಗೆ ಸಿಗುತ್ತೆ. ಬ್ರೇಕ್‌ಗೆ ಹೋಗಿಲ್ಲ ಅಂದ್ರೆ ಇನ್‌ಚಾರ್ಜೇ ಬಂದು ಕೇಳ್ತಾರೆ, ಯಾಕೆ ಹೋಗಿಲ್ಲ ಅಂತ. ಊರಲ್ಲಿದ್ದಾಗ ಅಕ್ಕನ ನಿಶ್ಚಿತಾರ್ಥಕ್ಕೆ ರಜೆ ಸಿಗಲಿಲ್ಲ ನೋಡಿ. ಅವತ್ತು ಡ್ಯೂಟಿ ರೂಮಿನಲ್ಲಿ ಕೂತು ವಿಡಿಯೊ ಕಾಲ್‌ನಲ್ಲಿ ನೋಡಿದ್ದೆ."

ಅದು ನನಗೆ ನೆನಪಿದೆ. ಫೋನ್ ಹಿಡಿದಿದ್ದವನು ನಾನೇ. ಉಂಗುರ ತೊಡಿಸುವ ಹೊತ್ತಿಗೆ ಅವಳನ್ನು ವಾರ್ಡ್‌ಗೆ ಕರೆದರು, ಪರದೆ ಕಪ್ಪಾಯಿತು.

ಬರುವ ಮಾರ್ಚ್‌ನಲ್ಲಿ ಊರ ತೇರಿಗೆ ಬರುತ್ತಾಳಂತೆ. ರಜೆ ಆಗಲೇ ಮಂಜೂರಾಗಿದೆ, ಟಿಕೆಟ್ ತೆಗೆದಿಟ್ಟಿದ್ದಾಳೆ.