ರೇಬೀಸ್: ಪ್ರಯೋಗಾಲಯ ಒಂದು ಕಡೆ, ಕಚ್ಚುವ ನಾಯಿ ಇನ್ನೊಂದು ಕಡೆ

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಹಿರಿಯರಿಗೆ ನಾಯಿ ಕಡಿತ ಎಂದಕೂಡಲೇ ನೆನಪಾಗುವುದು ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಹದಿನಾಲ್ಕು ಇಂಜೆಕ್ಷನ್. ಆ ಲಸಿಕೆ ನಿಂತು ಇಪ್ಪತ್ತು ವರ್ಷ ಕಳೆದರೂ ಭಯ ನಿಂತಿಲ್ಲ. ಗಾಯಕ್ಕೆ ಸುಣ್ಣವನ್ನೋ ಖಾರಪುಡಿಯನ್ನೋ ಮೆತ್ತಿಕೊಂಡು ಮನೆಯಲ್ಲೇ ಉಳಿಯುವವರು ಇನ್ನೂ ಇದ್ದಾರೆ.

ಆ ಹದಿನಾಲ್ಕು ಇಂಜೆಕ್ಷನ್‌ಗಳ ಮೂಲ ಹಿಮಾಚಲದ ಕಸೌಲಿ. ಪ್ಯಾರಿಸ್‌ನಲ್ಲಿ 1885ರಲ್ಲಿ ಲೂಯಿ ಪಾಸ್ಚರ್ ಒಣಗಿಸಿದ ಮೊಲದ ಬೆನ್ನುಹುರಿಯಿಂದ ಲಸಿಕೆ ಮಾಡಿದ್ದರು. 1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್, ಸೋಂಕು ತಗುಲಿಸಿದ ಪ್ರಾಣಿಯ ಮಿದುಳನ್ನು ಅರೆದು, ಫೀನಾಲ್ ಸೇರಿಸಿ ವೈರಸ್ ಸಾಯಿಸುವ ವಿಧಾನ ಕಂಡುಕೊಂಡರು. ಭಾರತದಲ್ಲಿ ಇದನ್ನು ಕುರಿಯ ಮಿದುಳಿನಿಂದ ಮಾಡುತ್ತಿದ್ದರು. ಅಗ್ಗ, ಮಾಡಲು ಸುಲಭ. ತೊಂದರೆ ಇದ್ದದ್ದು ಮಿದುಳಿನಲ್ಲೇ: ನರಗಳ ಹೊದಿಕೆಯಾದ ಮಯಲಿನ್ ಅಂಶವೂ ಲಸಿಕೆಯೊಡನೆ ಒಳಹೋಗಿ, ಕೆಲವರ ದೇಹ ತನ್ನ ನರಗಳ ಮೇಲೆಯೇ ತಿರುಗಿಬಿದ್ದು ಪಾರ್ಶ್ವವಾಯು ಬರುತ್ತಿತ್ತು. ಅಮೆರಿಕದ ವಿಸ್ಟಾರ್ ಸಂಸ್ಥೆ ಮನುಷ್ಯರ ಜೀವಕೋಶದಲ್ಲಿ ವೈರಸ್ ಬೆಳೆಸಿ ಸುರಕ್ಷಿತ ಲಸಿಕೆಗೆ ದಾರಿ ಮಾಡಿದ್ದು 1960ರ ದಶಕದಲ್ಲಿ. ಭಾರತದಲ್ಲಿ ಕುರಿ ಮಿದುಳಿನ ಲಸಿಕೆ ನಿಂತದ್ದು 2004ರ ಕೊನೆಗೆ. ಈ ನಾಲ್ಕು ದಶಕದ ಅಂತರಕ್ಕೆ ಮುಖ್ಯ ಕಾರಣ ಬೆಲೆ.

ಶ್ರೀಮಂತ ದೇಶಗಳು ಆ ಹೊತ್ತಿಗೆ ನಾಯಿಗಳಿಗೆ ಲಸಿಕೆ ಹಾಕಿ ಮುಗಿಸಿದ್ದವು. ಯುರೋಪಿಗೆ ಉಳಿದಿದ್ದ ತಲೆನೋವು ನರಿ. 1978ರಲ್ಲಿ ಸ್ವಿಟ್ಜರ್ಲೆಂಡ್ ಕೋಳಿ ತಲೆಗಳಲ್ಲಿ ಲಸಿಕೆ ಇಟ್ಟು ಕಾಡಿನಲ್ಲಿ ಹರಡಿತು, ಮುಂದೆ ರೋಗವನ್ನೇ ಅಳಿಸಿತು. ಜಾಣ ಕೆಲಸವೇ. ಆದರೆ ಸಂಶೋಧನೆಯ ಹಣ ನರಿಯ ಹಿಂದೆ ಹೋದಾಗ ಸಾವು ಏಷ್ಯಾ, ಆಫ್ರಿಕಾಗಳ ಬೀದಿನಾಯಿಯ ಹಿಂದೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ ಸುಮಾರು 59,000 ಸಾವು, ಅದರಲ್ಲಿ ಶೇ 95 ಈ ಎರಡು ಖಂಡಗಳಲ್ಲಿ. ಭಾರತದ ಲೆಕ್ಕ ವರ್ಷಕ್ಕೆ 20,000 ಎಂದೇ ಬಹುಕಾಲ ನಡೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2022–23ರಲ್ಲಿ ಮನೆಮನೆ ಸಮೀಕ್ಷೆ ಮಾಡಿ ಕೊಟ್ಟ ಅಂದಾಜು 5,726. ಎಷ್ಟು ಜನ ಸಾಯುತ್ತಾರೆ ಎಂಬುದೇ ನೂರು ವರ್ಷದ ಸಂಶೋಧನೆಯ ನಂತರವೂ ಇಷ್ಟು ಅಲುಗಾಡುತ್ತದೆ.

ನಮ್ಮ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ (ಪಿಎಚ್‌ಸಿ) ಇಂದು ಉಪಯೋಗಕ್ಕೆ ಬರುವ ತಿಳಿವಳಿಕೆಯ ಬಹುಪಾಲು ಬಂದದ್ದು ಗಾಯಾಳು ಎದುರಿಗೇ ಇದ್ದ ಊರುಗಳಿಂದ. 1954ರಲ್ಲಿ ಇರಾನಿನ ಒಂದು ಹಳ್ಳಿಯಲ್ಲಿ ಹುಚ್ಚು ತೋಳ 29 ಜನರನ್ನು ಕಚ್ಚಿತು. ತಲೆಗೆ ಗಾಯವಾಗಿ ಬರೀ ಲಸಿಕೆ ಪಡೆದ ಐವರಲ್ಲಿ ಮೂವರು ಸತ್ತರು. ಲಸಿಕೆಯ ಜೊತೆ ಸೀರಮ್ ಪಡೆದವರಲ್ಲಿ ಸತ್ತದ್ದು ಒಬ್ಬರೇ. ಲಸಿಕೆ ಫಲ ಕೊಡಲು ವಾರದ ಮೇಲೆ ಬೇಕು. ಅಲ್ಲಿಯವರೆಗೆ ವೈರಸ್ಸನ್ನು ಗಾಯದಲ್ಲೇ ತಡೆಯುವುದು ಸೀರಮ್‌ನಲ್ಲಿರುವ ಸಿದ್ಧ ಪ್ರತಿಕಾಯ, ಅಂದರೆ ಇಂದಿನ ಇಮ್ಯುನೊಗ್ಲೋಬುಲಿನ್.

ಬೆಲೆಯ ಗಂಟು ಬಿಚ್ಚಿದ್ದು ಬ್ಯಾಂಕಾಕ್. ಸ್ನಾಯುವಿಗೆ ಪ್ರತಿ ಸಲ ಒಂದಿಡೀ ವೈಯಲ್ (ಔಷಧದ ಪುಟ್ಟ ಸೀಸೆ) ಕೊಡುವ ಬದಲು ಚರ್ಮದೊಳಗೆ 0.1 ಮಿಲಿಯಂತೆ ಎರಡು ಕಡೆ ಕೊಟ್ಟರೂ ಸಾಕೆಂದು ಥಾಯ್ ರೆಡ್‌ಕ್ರಾಸ್ ತೋರಿಸಿತು. ಭಾರತ ಒಪ್ಪಿದ್ದು 2006ರಲ್ಲಿ. ಈಗ 0 (ಮೊದಲ ಡೋಸ್‌ನ ದಿನ), 3, 7, 28ನೇ ದಿನ, ಎರಡೂ ತೋಳಿಗೆ. ಚುಚ್ಚಿದ ಜಾಗದಲ್ಲಿ ಸಣ್ಣ ಗುಳ್ಳೆ ಏಳಬೇಕು. ಏಳದಿದ್ದರೆ ಸೂಜಿ ಆಳಕ್ಕೆ ಹೋಗಿದೆ, ಪಕ್ಕದಲ್ಲಿ ಮತ್ತೆ ಕೊಡಬೇಕು. ಪೃಷ್ಠಕ್ಕೆ ಕೊಡಲೇಬಾರದು: ಅಲ್ಲಿ ಕೊಬ್ಬು ಹೆಚ್ಚು, ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ.

ಇನ್ನೊಂದು ಪಾಠ ಶಿಮ್ಲಾದ್ದು. ಕುದುರೆಯಿಂದ ತೆಗೆದ ಇಮ್ಯುನೊಗ್ಲೋಬುಲಿನ್ ಪ್ರಮಾಣ ದೇಹತೂಕದ ಕೆಜಿಗೆ 40 ಐಯು (ಔಷಧ ಅಳೆಯುವ ಅಂತರರಾಷ್ಟ್ರೀಯ ಯೂನಿಟ್). 50 ಕೆಜಿಯವರಿಗೆ 2,000 ಐಯು ಆಗುತ್ತದೆ, 1,500 ಐಯುವಿನ ಎರಡು ವೈಯಲ್ ಒಡೆಯಬೇಕು. ಹಿಂದೆ ಗಾಯದಲ್ಲಿ ಹಿಡಿಸದೆ ಉಳಿದದ್ದನ್ನು ತೊಡೆಗೋ ತೋಳಿಗೋ ಚುಚ್ಚುತ್ತಿದ್ದರು. ಸರಬರಾಜು ಸಾಲದೆ ಹೋದಾಗ ಶಿಮ್ಲಾದ ವೈದ್ಯ ಡಾ. ಓಮೇಶ್ ಭಾರ್ತಿ ಗಾಯದ ಒಳಗೆ, ಸುತ್ತ ಮಾತ್ರ ತುಂಬಿ ನೋಡಿದರು. ಅಷ್ಟರಿಂದಲೇ ಕೆಲಸವಾಯಿತು, ಒಂದು ವೈಯಲ್ ಹಲವರಿಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಗಾಯಕ್ಕೆ ಮಾತ್ರ ಸಾಕು ಎಂದಿತು. ಕೊರತೆಯಿಂದ ಹುಟ್ಟಿದ ಸಂಶೋಧನೆ ಹೀಗೆ ಜಗತ್ತಿನ ನಿಯಮವಾದದ್ದು ಅಪರೂಪ.

ಎಡವಟ್ಟಾಗುವುದು ಹೆಚ್ಚಾಗಿ ಮೊದಲ ದಿನವೇ. ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಬೇಕು. ವೈರಸ್ಸಿನ ಹೊರಕವಚ ಕೊಬ್ಬಿನದು, ಸೋಪಿಗೆ ಕರಗುತ್ತದೆ. ಖಾರಪುಡಿ ಗಾಯವನ್ನು ಕೆರಳಿಸಿ ವೈರಸ್ ನರಕ್ಕೆ ಹತ್ತಲು ನೆರವಾಗುತ್ತದೆ. ಹೊಲಿಗೆಯನ್ನು ಆದಷ್ಟು ಮುಂದೂಡಬೇಕು. ಹಾಕಲೇಬೇಕಾದರೆ ಇಮ್ಯುನೊಗ್ಲೋಬುಲಿನ್ ತುಂಬಿದ ಮೇಲೆ. ಆಳಂದ, ಸುರಪುರದ ಕಡೆಯ ಹಳ್ಳಿಯವರು ಪಿಎಚ್‌ಸಿಯಲ್ಲಿ ಮೊದಲ ಡೋಸ್ ಪಡೆದು, ರಕ್ತ ಬಂದ ಗಾಯವಿದ್ದೂ ಇಮ್ಯುನೊಗ್ಲೋಬುಲಿನ್ ಸಿಗದಿದ್ದರೆ, ಅದೇ ದಿನ ಅದಿರುವ ಆಸ್ಪತ್ರೆಗೆ ಹೊರಡುವುದು ಒಳ್ಳೆಯದು. ಮೊದಲ ಡೋಸ್‌ನಿಂದ ಏಳು ದಿನ ದಾಟಿದರೆ ಅದನ್ನು ಕೊಡುವುದಿಲ್ಲ, ಅಷ್ಟರಲ್ಲಿ ದೇಹವೇ ಪ್ರತಿಕಾಯ ಮಾಡತೊಡಗಿರುತ್ತದೆ.